ಸೀರಿಯಲ್ಲು ಹೇಳುವುದು, ನಾವು ಕೇಳಿಸಿಕೊಳ್ಳುವುದು

(ಮಹಿಳಾ ವೇದಿಕೆಯ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಟಿ.ವಿ. ಧಾರಾವಾಹಿಗಳು ಮತ್ತು ಸಾಮಾಜಿಕ ಸಂದೇಶ'. ವಿಷಯ ಕೇಳಿದ ಕೂಡಲೇ ಮನೆಯಲ್ಲಿ ಎಲ್ಲರೂ ನಕ್ಕರು. "ಅತ್ತೆ ಸೊಸೆ ಜಗಳದಲ್ಲಿ ಎಂಥ ಸಂದೇಶ?" ಅಂದರು. ನಗಲಿ ಬಿಡಿ. ಪುಣೆಯಲ್ಲಿರುವ ನಮಗೆ ಸೀರಿಯಲ್ಲು ಬರೀ ಕಾಲಹರಣವಲ್ಲ. ಹೊರಗೆ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು, ಶಾಲೆಯಲ್ಲಿ ಹಿಂದಿ. ಸಂಜೆ ಅಡುಗೆಮನೆಯವರೆಗೂ ಕನ್ನಡ ಕೇಳಿಸುವುದು ಟಿ.ವಿ.ಯಿಂದಲೇ. ಅದು ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದೆ. ಹಾಗಾದರೆ ಕನ್ನಡದ ಜೊತೆಗೆ ಇನ್ನೇನನ್ನು ಕಲಿಸುತ್ತಿದೆ ಎಂದು ಕೇಳುವುದು ತಪ್ಪಲ್ಲ.

ನಮ್ಮ ದೇಶದ ಹಳ್ಳಿಗಳಿಗೆ ಟಿ.ವಿ. ಬಂದದ್ದೇ ಪಾಠ ಹೇಳಲಿಕ್ಕೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಅದರಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಊರಿಗೊಂದು ಟಿ.ವಿ., ಊರೆಲ್ಲ ಅದರ ಮುಂದೆ. ಕೃಷಿ, ಆರೋಗ್ಯ, ಕುಟುಂಬ ಯೋಜನೆ ಇವೇ ವಿಷಯಗಳು.

1984ರ ಜುಲೈನಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಎರಡು ಮಾತು ಹೇಳುತ್ತಿದ್ದರು. ಕಥೆಯ ಮೂಲಕ ಕುಟುಂಬ ಯೋಜನೆಯ ವಿಚಾರ ತಲುಪಿಸಬೇಕು ಎಂಬುದು ಮೊದಲ ಉದ್ದೇಶ. ಮೆಕ್ಸಿಕೋ ದೇಶದಲ್ಲಿ ಅಂಥ ಧಾರಾವಾಹಿಗಳು ಯಶಸ್ವಿಯಾಗಿದ್ದವು. ಆದರೆ ಮೊದಮೊದಲ ಕಂತುಗಳಲ್ಲಿ ಉಪದೇಶ ಜಾಸ್ತಿಯಾಗಿ ಜನ ಬೇಸರಪಟ್ಟರು. ಆಮೇಲೆ ಬರಹಗಾರ ಮನೋಹರ ಶ್ಯಾಮ ಜೋಶಿಯವರು ಉಪದೇಶ ಕಡಿಮೆ ಮಾಡಿ ಮನೆಯ ಕಥೆ ಹೆಚ್ಚಿಸಿದರು. ಆಗ ಜನ ಹಿಡಿದು ಕೂತರು. 4 ಲಕ್ಷಕ್ಕೂ ಹೆಚ್ಚು ಕಾಗದಗಳು ಬಂದವಂತೆ.

ಆ ಕಥೆಯಲ್ಲಿ ಭಾಗವಂತಿ ಎಂಬ ತಾಯಿ ಇದ್ದಾಳೆ. ಕುಡುಕ ಗಂಡ, ಮನೆ ತುಂಬ ಮಕ್ಕಳು, ಎಲ್ಲವನ್ನೂ ನುಂಗಿಕೊಂಡು ಬದುಕುವವಳು. ಹೀಗೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆ ನೋಡಿ ಎಂದು ತೋರಿಸಲು ಮಾಡಿದ ಪಾತ್ರ ಅದು. ಆದರೆ ನಂತರ ಸಂಶೋಧಕರು ವಿಚಾರಿಸಿದಾಗ, ಎಷ್ಟೋ ಪ್ರೇಕ್ಷಕರು ಭಾಗವಂತಿಯೇ ಆದರ್ಶ ಹೆಂಗಸು ಎಂದರು. ಹೇಳಿದ್ದು ಒಂದು, ಕೇಳಿಸಿಕೊಂಡದ್ದು ಇನ್ನೊಂದು! ಇವತ್ತಿನ ನನ್ನ ಮಾತಿಗೆಲ್ಲ ಈ ಭಾಗವಂತಿಯೇ ಆಧಾರ.

ಹಾಗಾದರೆ ಧಾರಾವಾಹಿಯ ಸಂದೇಶ ಇರುವುದು ಎಲ್ಲಿ? ಪಾತ್ರಗಳು ಹೇಳುವ ಮಾತಿಗಿಂತ ಹೆಚ್ಚಾಗಿ, ಯಾವುದನ್ನು ಸಹಜ ಎಂಬಂತೆ ತೋರಿಸುತ್ತಾರೋ ಅದರಲ್ಲಿ ಎಂದು ನನಗೆ ಅನಿಸುತ್ತದೆ.

1985ರ 'ರಜನಿ' ನೆನಪು ಮಾಡಿಕೊಳ್ಳಿ. ಪ್ರಿಯಾ ತೆಂಡೂಲ್ಕರ್ ಮಾಡಿದ ಆ ಗೃಹಿಣಿ, ಗ್ಯಾಸ್ ಸಿಲಿಂಡರ್ ವಿಷಯಕ್ಕೂ ಬಿಡದೆ ಜಗಳ ಕಾಯುತ್ತಿದ್ದಳು. ಟ್ಯಾಕ್ಸಿಯವರ ಬಗ್ಗೆ ಬಂದ ಕಂತಿಗೆ ಟ್ಯಾಕ್ಸಿ ಚಾಲಕರೇ ಪ್ರತಿಭಟನೆ ಮಾಡಿದರು. 1989ರ 'ಉಡಾನ್' ಪೊಲೀಸ್ ಅಧಿಕಾರಿಯಾಗುವ ಹುಡುಗಿಯ ಕಥೆ. ಕವಿತಾ ಚೌಧರಿಯವರು ಐ.ಪಿ.ಎಸ್. ಅಧಿಕಾರಿಯಾಗಿದ್ದ ತಮ್ಮ ಅಕ್ಕ ಕಾಂಚನ್ ಅವರ ಬದುಕಿನಿಂದ ಅದನ್ನು ಕಟ್ಟಿದರು. ಆ ಅಕ್ಕ ಮುಂದೆ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ಒಂದು ರಾಜ್ಯದ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು.

ನಮ್ಮ ಕನ್ನಡದಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' 1998ರಲ್ಲಿ ಬಂತು. ಆಮೇಲೆ 'ಮನ್ವಂತರ', 'ಮುಕ್ತ'. ಕೋರ್ಟಿನ ಕಟಕಟೆಯನ್ನು ನಮ್ಮ ನಡುಮನೆಗೆ ತಂದವರು ಅವರು. ಕಾನೂನು, ಸಾಕ್ಷಿ, ವಾದ ಎಂಬ ಮಾತುಗಳು ಊಟದ ಹೊತ್ತಿನ ಮಾತಾದವು. 2018ರ 'ಮಗಳು ಜಾನಕಿ'ಯಲ್ಲಿ ಐ.ಪಿ.ಎಸ್. ಕನಸಿನ ಹುಡುಗಿ ಬಂದಳು.

ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ್ ಕಾಸರವಳ್ಳಿಯವರು ಧಾರಾವಾಹಿ ಮಾಡಿದರು. ಅದರಲ್ಲಿ ನಂಜಮ್ಮ ಭಾಷಣ ಮಾಡುವುದಿಲ್ಲ. ಗಂಡನ ಹೆಸರಿನಲ್ಲಿರುವ ಶಾನುಭೋಗಿಕೆಯ ಲೆಕ್ಕವನ್ನು ತಾನು ಕೂತು ಬರೆಯುತ್ತಾಳೆ, ಅಷ್ಟೇ. ಕೆಲಸ ಅವಳದ್ದು, ಹೆಸರು ಗಂಡನದ್ದು. ಇದಕ್ಕಿಂತ ದೊಡ್ಡ ಸಾಮಾಜಿಕ ಹೇಳಿಕೆ ಬೇಕೆ? ಇತ್ತೀಚಿನ 'ಪುಟ್ಟಕ್ಕನ ಮಕ್ಕಳು' ನೋಡಿ. ಗಂಡು ಹೆರಲಿಲ್ಲವೆಂದು ಗಂಡ ಕೈಬಿಟ್ಟ ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಉಮಾಶ್ರೀಯವರು ಒಲೆಯ ಮುಂದೆ ನಿಂತ ದೃಶ್ಯದಲ್ಲಿ, ಹೆಂಗಸಿನ ದುಡಿಮೆಗೆ ಬೆಲೆ ಉಂಟು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ತಲುಪುತ್ತದೆ.

ಇದರಿಂದ ಜನ ಬದಲಾಗುತ್ತಾರಾ ಎಂದು ಕೇಳಬಹುದು. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಹಳ್ಳಿಗಳಿಗೆ ಕೇಬಲ್ ಟಿ.ವಿ. ಬಂದ ಮೇಲೆ ಏನಾಯಿತು ಎಂದು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೇಬಲ್ ಬಂದ ಹಳ್ಳಿಗಳಲ್ಲಿ, ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರ ಪ್ರಮಾಣ ಕಡಿಮೆಯಾಯಿತು. ಗಂಡೇ ಬೇಕು ಎನ್ನುವುದೂ ಕಡಿಮೆಯಾಯಿತು. ಆ ಹಳ್ಳಿಗಳವರು ನೋಡುತ್ತಿದ್ದದ್ದು ಪಾಠದ ಕಾರ್ಯಕ್ರಮಗಳನ್ನಲ್ಲ, ಇಂಥವೇ ಮನರಂಜನೆಯ ಕಾರ್ಯಕ್ರಮಗಳನ್ನು. ಪಟ್ಟಣದ ಹೆಂಗಸರು ಹೊರಗೆ ಹೋಗುವುದು, ದುಡಿಯುವುದು, ಎದುರು ಮಾತಾಡುವುದು ಕಣ್ಣಿಗೆ ಬಿದ್ದರೆ ಸಾಕಾಗಿತ್ತು.

ಆದರೆ ಇದೇ ಕತ್ತಿಗೆ ಇನ್ನೊಂದು ಅಲಗೂ ಇದೆ. ದಿನವೂ ನೋಡಿದ್ದು ಮನಸ್ಸಿಗೆ ಇಳಿಯುವುದಾದರೆ, ಕೆಟ್ಟದ್ದೂ ಇಳಿಯುತ್ತದೆ. ಮಂಗಳಸೂತ್ರ ಜಾರಿ ಬಿದ್ದರೆ ಗುಡುಗಿನ ಸದ್ದು, ಕುಂಕುಮದ ಬಟ್ಟಲು ಚೆಲ್ಲಿದರೆ ಮೂರು ಸಲ ಕ್ಲೋಸಪ್. ಇವೂ ಸಾಮಾಜಿಕ ಹೇಳಿಕೆಗಳೇ. ಹೆಂಗಸಿನ ಬೆಲೆಯೆಲ್ಲ ಕೊರಳಿನ ದಾರದಲ್ಲಿದೆ ಎಂದು ದಿನಕ್ಕೆ ಅರ್ಧ ಗಂಟೆ ಹೇಳಿದರೆ ಆರು ವರ್ಷದ ಮಗು ಏನು ಕಲಿತೀತು? ಟಿ.ಆರ್.ಪಿ. ಇಳಿಯಿತೆಂದರೆ ಕಥೆ ದಿಕ್ಕು ಬದಲಿಸುತ್ತದೆ. 'ಬಾಲಿಕಾ ವಧು' 2008ರಲ್ಲಿ ಬಾಲ್ಯವಿವಾಹದ ವಿರುದ್ಧ ಶುರುವಾಗಿ, 2016ರವರೆಗೆ 2000ಕ್ಕೂ ಹೆಚ್ಚು ಕಂತು ಓಡಿತು. ಒಂದೇ ಮಾತನ್ನು ಅಷ್ಟು ವರ್ಷ ಹಿಡಿದುಕೊಂಡಿರಲು ಯಾವ ಕಥೆಗೂ ಆಗದು.

ಆದ್ದರಿಂದ ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತೇನೆ. ಈ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು? ದುಡ್ಡು ಯಾರ ಕೈಯಲ್ಲಿದೆ? ಜಗಳ ಮುಗಿದ ಮೇಲೆ ಕ್ಷಮೆ ಕೇಳುವವರು ಯಾರು? ಪಕ್ಕದಲ್ಲಿ ಮಗಳೋ ಮೊಮ್ಮಗನೋ ಇದ್ದರೆ ಅವರನ್ನೂ ಕೇಳಿ. ಟಿ.ವಿ. ಆರಿಸುವುದಕ್ಕಿಂತ ಇದು ಒಳ್ಳೆಯದು.

ಈಗ ನಮ್ಮ ಪುಣೆಗೆ ಬರೋಣ. 2019ರಲ್ಲಿ ಝೀ ಮರಾಠಿಯಲ್ಲಿ 'ಅಗ್ಗಬಾಯಿ ಸಾಸೂಬಾಯಿ' ಬಂದಾಗ ನಮ್ಮಲ್ಲಿ ಬಹಳ ಜನ ನೋಡಿದರು. ಗಂಡ ತೀರಿಹೋದ ಆಸಾವರಿಗೆ ಬೆಳೆದ ಮಗ, ಸೊಸೆ, ಮಾವ ಇದ್ದಾರೆ. ಆಕೆ ಮತ್ತೆ ಮದುವೆಯಾಗುವ ಕಥೆ. ಬೆಂಬಲಕ್ಕೆ ನಿಲ್ಲುವವಳು ಸೊಸೆ! ನಿವೇದಿತಾ ಸರಾಫ್, ಗಿರೀಶ್ ಓಕ್ ಇದ್ದರು. 2022ರಲ್ಲಿ ಕನ್ನಡದಲ್ಲಿ 'ಶ್ರೀರಸ್ತು ಶುಭಮಸ್ತು' ಬಂತು. ಸುಧಾರಾಣಿಯವರ ತುಳಸಿ, ನಡುವಯಸ್ಸು ದಾಟಿದ ಮೇಲೆ ಮಾಧವನನ್ನು ಮದುವೆಯಾಗುತ್ತಾಳೆ. ಎರಡನ್ನೂ ಜನ ಮೆಚ್ಚಿ ನೋಡಿದರು.

ಇದು ಹೊಸ ಮಾತೇ? ನಮ್ಮ ಕರ್ವೆನಗರಕ್ಕೆ ಹೆಸರು ಕೊಟ್ಟ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಇದೇ ಪುಣೆಯಲ್ಲಿ ವಿಧವೆ ಗೋದುಬಾಯಿಯವರನ್ನು ಮದುವೆಯಾದರು. ಕರ್ವೆಯವರ ಸ್ವಂತ ಊರು ಮುರುಡದಲ್ಲಿ ಅವರಿಗೆ ಬಹಿಷ್ಕಾರ ಹಾಕಿದರು. ಗೋದುಬಾಯಿ ಓದಿದ್ದು ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ. ಈ ರಮಾಬಾಯಿ ನಮ್ಮ ಕಡೆಯವರು. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಮಗಳು ಹುಟ್ಟಿದ್ದು ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕರ್ವೆ ಹುಟ್ಟಿದ್ದು 1858ರ ಏಪ್ರಿಲ್ 18, ರಮಾಬಾಯಿ ಹುಟ್ಟಿದ್ದು ಅದೇ ತಿಂಗಳ 23. ಇವರಿಬ್ಬರೂ ಪುಣೆಯಲ್ಲಿ ಮಾಡಿ ತೋರಿಸಿದ್ದು ಟಿ.ವಿ.ಯ ಕಥೆಯಾಗಿ ಬರಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಈಗ ನನ್ನ ಮುಖ್ಯ ಮಾತು. ನಮ್ಮ ಸೊಸೈಟಿಯಲ್ಲಿ ಒಬ್ಬರು ಹಿರಿಯರಿದ್ದಾರೆ. ಯಜಮಾನರು ಹೋಗಿ ಹತ್ತು ವರ್ಷವಾಯಿತು. ತುಳಸಿಯ ಮದುವೆಯ ಕಂತುಗಳನ್ನು ನಾವೆಲ್ಲ ಅವರ ಮನೆಯಲ್ಲೇ ಕೂತು ನೋಡಿದ್ದೆವು. ಅವರೇ ಎಲ್ಲರಿಗೂ ಕೇಸರಿಬಾತು ಮಾಡಿದ್ದರು. ಮುಂದೆ ಸಂಕ್ರಾಂತಿ ಬಂತು. ಎಳ್ಳು ಹುರಿದವರು ಅವರು, ಕೊಬ್ಬರಿ ಹೆಚ್ಚಿದವರು ಅವರು, ಸಕ್ಕರೆ ಅಚ್ಚು ಹಾಕಿದವರು ಅವರು. ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವ ಹೊತ್ತಿಗೆ ಎದ್ದು ಒಳಗಿನ ಕೋಣೆಗೆ ಹೋದರು. ಯಾರೂ ಹೋಗಿ ಎನ್ನಲಿಲ್ಲ. ಯಾರೂ ಬನ್ನಿ ಎಂದೂ ಅನ್ನಲಿಲ್ಲ. ಪರದೆಯ ಮೇಲೆ ಮದುವೆಗೇ ಚಪ್ಪಾಳೆ ತಟ್ಟಿದ ಮನೆಯಲ್ಲಿ ಒಂದು ಚಿಟಿಕೆ ಅರಿಶಿನ ಕೈಯಿಂದ ಕೈಗೆ ದಾಟಲಿಲ್ಲ.

ಇದನ್ನು ಬದಲಿಸುವುದು ಸಾಧ್ಯವೆಂದು ತೋರಿಸಿದ ಊರು ದೂರದಲ್ಲೇನೂ ಇಲ್ಲ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಹೇರವಾಡ, ನಮ್ಮ ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರ. ಅಲ್ಲಿಯ ಗ್ರಾಮ ಪಂಚಾಯಿತಿ 2022ರ ಮೇ 4ರಂದು ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ಮಂಗಳಸೂತ್ರ ಕಾಲುಂಗುರ ತೆಗೆಯುವುದು ನಮ್ಮ ಊರಲ್ಲಿ ಇನ್ನಿಲ್ಲ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಬೇರೆ ಪಂಚಾಯಿತಿಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಕಳಿಸಿತು.

ಒಂದು ಹಳ್ಳಿಯ ಪಂಚಾಯಿತಿಗೆ ಆಗುವುದು ನಮ್ಮ ಮಹಿಳಾ ವೇದಿಕೆಗೆ ಆಗದೇ? ನನ್ನ ಸೂಚನೆ ಇಷ್ಟೇ. ಮುಂದಿನ ಸಂಕ್ರಾಂತಿಯ ಅರಿಶಿನ ಕುಂಕುಮದ ಆಮಂತ್ರಣದಲ್ಲಿ 'ಸುಮಂಗಲಿಯರಿಗೆ' ಎಂಬ ಮಾತು ಬೇಡ, 'ಎಲ್ಲ ಹೆಣ್ಣುಮಕ್ಕಳಿಗೆ' ಎಂದು ಬರೆಯೋಣ. ಬರೆದರಷ್ಟೇ ಸಾಲದು, ಏಕೆಂದರೆ ಎಷ್ಟೋ ವರ್ಷ ಒಳಗೆ ಕೂತವರು ಒಂದು ಕಾಗದ ನೋಡಿ ಹೊರಗೆ ಬರುವುದಿಲ್ಲ. ಇಬ್ಬಿಬ್ಬರು ಅವರ ಮನೆಗೆ ಹೋಗಿ ಕರೆಯೋಣ. ಮೊದಲ ಎಳ್ಳುಬೆಲ್ಲ, ಮೊದಲ ಹೂವು ಅವರ ಕೈಗೆ ಕೊಡೋಣ. ಕುಂಕುಮ ಬೇಕೋ ಬೇಡವೋ ಅವರೇ ಹೇಳಲಿ. ಬೇಡ ಎಂದರೆ ಬಲವಂತ ಮಾಡುವುದೂ ಬೇಡ. ಆಯ್ಕೆ ಅವರದ್ದಾದರೆ ಸಾಕು.

ಕೆಲವರಿಗೆ ಇದು ಒಪ್ಪಿಗೆಯಾಗದಿರಬಹುದು. ಸಂಪ್ರದಾಯ, ಹಿರಿಯರ ಮನಸ್ಸು ಎಂದು ಹೇಳಬಹುದು. ಅವರ ಮಾತನ್ನೂ ಕೇಳೋಣ, ಸಭೆಯಲ್ಲಿಟ್ಟು ಚರ್ಚಿಸೋಣ. ಆದರೆ ಆ ಚರ್ಚೆಗೆ ಯಾರ ವಿಷಯ ಮಾತಾಡುತ್ತಿದ್ದೇವೋ ಅವರನ್ನೂ ಕರೆಯೋಣ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿ ಮಾಡಿಕೊಳ್ಳುತ್ತೇನೆ.