ಬೆವರಿದ ಹಣೆ ಸಾಕ್ಷಿಯಲ್ಲ

ವಿಡಿಯೋ ಗೇಮ್ ಅಂದಕೂಡಲೇ ಸೇಡಂ, ಚಿಂಚೋಳಿ ಕಡೆಯ ಹಿರಿಯರ ಕಣ್ಣ ಮುಂದೆ ಬರುವುದು ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು 'ಹೊಡಿ, ಹೊಡಿ' ಎನ್ನುವ ಹುಡುಗರು. ಇವತ್ತು ನಾನು ಹೇಳಹೊರಟ ಆಟದಲ್ಲಿ ಆಡುವವರ ಕೈಗೆ ಬಂದೂಕು ಕೊಡುವುದಿಲ್ಲ, ವಕಾಲತ್ತು ಕೊಡುತ್ತಾರೆ. ಕೊಲೆಯ ಆರೋಪ ಹೊತ್ತ ಅಮಾಯಕ ನಿಮ್ಮ ಕಕ್ಷಿದಾರ. ಕಟಕಟೆಗೆ ಬಂದ ಸಾಕ್ಷಿ ಒಂದೊಂದೇ ವಾಕ್ಯ ಹೇಳುತ್ತಾನೆ. ನೀವು ಅದನ್ನು ಓದಬೇಕು, ಕೆದಕಬೇಕು, ಎಲ್ಲಿ ಸುಳ್ಳಿದೆಯೋ ಆ ವಾಕ್ಯದ ಮೇಲೇ ನಿಮ್ಮ ಕಡತದಿಂದ ಪುರಾವೆ ತೆಗೆದು ಇಡಬೇಕು. ಸರಿಯಾದ ಜಾಗಕ್ಕೆ ಸರಿಯಾದ ಪುರಾವೆ ಬಿತ್ತೋ, 'ಆಕ್ಷೇಪಣೆ!' ಎಂಬ ಕೂಗಿಗೆ ಪರದೆಯೇ ಅದುರುತ್ತದೆ. ಸಾಕ್ಷಿ ಬೆವರುತ್ತಾನೆ, ತೊದಲುತ್ತಾನೆ, ಕೊನೆಗೆ ಅವನ ವಿಗ್ಗೂ ಹಾರಿಹೋಗಬಹುದು.

ಆಟದ ಹೆಸರು 'ಏಸ್ ಅಟಾರ್ನಿ'. 2001ರ ಅಕ್ಟೋಬರಿನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಇದನ್ನು ಹೊರತಂದಿತು. ಬರೆದು ನಿರ್ದೇಶಿಸಿದವರು ಶು ತಕುಮಿ. ಕೆಲಸ ಮಾಡಿದ್ದು ಏಳೇ ಜನರ ತಂಡ. ಮೊದಲು ನಾಯಕ ಪತ್ತೇದಾರನಾಗಬೇಕಿತ್ತಂತೆ. ಸುಳ್ಳನ್ನು ಬಯಲಿಗೆಳೆಯುವುದೇ ಆಟದ ಜೀವವೆಂದಾದ ಮೇಲೆ ಪತ್ತೇದಾರ ಕರಿಕೋಟು ತೊಡದೆ ಗತ್ಯಂತರವಿರಲಿಲ್ಲ. ನಿಜವಾದ ನ್ಯಾಯಾಲಯದಲ್ಲಿ ಆರೋಪ ಹೊತ್ತವರ ಪೈಕಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗುವ ದೇಶದಲ್ಲಿ, ಹೆಚ್ಚುಕಡಿಮೆ ಪ್ರತಿ ಮೊಕದ್ದಮೆಯಲ್ಲೂ ಆರೋಪಿ ಖುಲಾಸೆಯಾಗುವ ಆಟವೊಂದು ಜನಪ್ರಿಯವಾಯಿತು ಎನ್ನುವುದನ್ನು ಸುಮ್ಮನೆ ಗಮನಿಸಿ ಮುಂದೆ ಹೋಗೋಣ.

ನನ್ನ ವಿಷಯ ಆಟದ ಗೆಲುವು ಸೋಲಲ್ಲ. ಅದರ ಮಾತುಗಳಲ್ಲಿ, ಹೆಸರುಗಳಲ್ಲಿ, ಗೋಡೆಯ ಮೇಲಿನ ಚಿತ್ರದಲ್ಲಿ, ಮೇಜಿನ ಮೇಲಿನ ಬೊಂಬೆಯಲ್ಲಿ ಅಡಗಿಸಿಟ್ಟ ಸಿನಿಮಾ, ಕಾದಂಬರಿ, ಟಿವಿಯ ನೆನಪುಗಳು. ಮುಂದೆ ಸರಣಿಯಾಗಿ ಬೆಳೆದ ಇದರ ಮೊದಲ ಆಟದ ಒಂದು ಪ್ರಕರಣ ಚಿತ್ರೀಕರಣದ ಸ್ಟುಡಿಯೋದಲ್ಲೇ ನಡೆಯುತ್ತದೆ. ಅಲ್ಲಿ 'ಸ್ಟೀಲ್ ಸಮುರಾಯ್' ಎಂಬ ಮಕ್ಕಳ ಧಾರಾವಾಹಿಯ ವೀರ ಬರುತ್ತಾನೆ. ಮುಖವಾಡ, ಕವಚ, ಬಣ್ಣದ ಬೆಳಕು ಇರುವ ಜಪಾನಿನ ಟಿವಿ ವೀರರ ಅಣಕು ಅದು. ಭಾನುವಾರ ದೂರದರ್ಶನದ ಮುಂದೆ ಕೂತು 'ಶಕ್ತಿಮಾನ್' ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಜಾ ಇರುವುದು ಆಮೇಲೆ. ಎದುರು ಪಕ್ಷದ ಕಲ್ಲುಮುಖದ ಸರ್ಕಾರಿ ವಕೀಲ ಎಡ್ಜ್‌ವರ್ತ್ ಗುಟ್ಟಾಗಿ ಅದೇ ಧಾರಾವಾಹಿಯ ಹುಚ್ಚು ಅಭಿಮಾನಿ! ಮುಂದಿನ ಆಟಗಳಲ್ಲಿ ಅವನ ಕಚೇರಿ ಹುಡುಕಾಡಿದರೆ ಸಮುರಾಯ್ ಬೊಂಬೆ ಕಣ್ಣಿಗೆ ಬೀಳುತ್ತದೆ. ಗಮನಿಸದವರಿಗೆ ನಷ್ಟವೇನಿಲ್ಲ, ಮೊಕದ್ದಮೆ ಹೇಗೂ ನಡೆಯುತ್ತದೆ.

ಇಂಥ ಅಡಗಿಸುವಿಕೆಯ ಬೇರು ಎಷ್ಟು ಆಳಕ್ಕಿದೆ ನೋಡಿ. ತಕುಮಿ ಮೆಚ್ಚಿದ ಪತ್ತೇದಾರಿ ಲೇಖಕ ಎಡೊಗಾವಾ ರಾಂಪೊ. ಅದು ಹುಟ್ಟುಹೆಸರಲ್ಲ. ತಾರೊ ಹಿರಾಯ್ ಎಂಬಾತ ಅಮೆರಿಕದ ಎಡ್ಗರ್ ಅಲನ್ ಪೋ ಹೆಸರನ್ನು ಜಪಾನೀ ನಾಲಿಗೆಗೆ ಒಗ್ಗಿಸಿಕೊಂಡು 'ಎಡೊಗಾವಾ ರಾಂಪೊ' ಆದ. ಅಂದರೆ ಗುರುವಿನ ಹೆಸರೇ ಒಂದು ಬಚ್ಚಿಟ್ಟ ನಮಸ್ಕಾರ. ಇನ್ನು ಕೋರ್ಟಿನ ನಡುವೆಯೇ ನಿಜ ಅಪರಾಧಿಯ ಬಾಯಿ ಬಿಡಿಸುವ ವರಸೆಯನ್ನು ಜಗತ್ತಿಗೆಲ್ಲ ರೂಢಿಮಾಡಿಸಿದ್ದು ಅರ್ಲ್ ಸ್ಟಾನ್ಲಿ ಗಾರ್ಡ್‌ನರ್‌ನ ವಕೀಲ ಪೆರಿ ಮೇಸನ್. 1933ರಲ್ಲಿ ಶುರುವಾದ ಆ ಕಾದಂಬರಿಗಳು 1957ರಿಂದ ಅಮೆರಿಕದ ಟಿವಿಗೂ ಬಂದವು. ಗಾರ್ಡ್‌ನರ್ ಸ್ವತಃ ವಕೀಲ. ನಿಜವಾದ ಕೋರ್ಟಿನಲ್ಲಿ ಹಾಗೆ ನಡೆಯುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು?

ಮೂರನೆಯ ಆಟ 2004ರದ್ದು. ಅದರಲ್ಲಿ ಲೋಟಗಟ್ಟಲೆ ಕಾಫಿ ಕುಡಿಯುವ ಮುಖವಾಡದ ಸರ್ಕಾರಿ ವಕೀಲನಿಗೆ 'ಗೋಡೋ' ಎಂದು ಹೆಸರಿಟ್ಟಿದ್ದಾರೆ. ಸ್ಯಾಮ್ಯುಯೆಲ್ ಬೆಕೆಟ್‌ನ ನಾಟಕದಲ್ಲಿ ಇಬ್ಬರು ಗೋಡೋನಿಗಾಗಿ ಕಾಯುತ್ತಾರೆ, ಅವನು ಬರುವುದೇ ಇಲ್ಲ. ಆಟದಲ್ಲಿ ಅವನು ಬಂದೇಬಿಟ್ಟಿದ್ದಾನೆ, ಆದರೆ ತಡವಾಗಿ. ಯಾರಿಗಾಗಿ, ಎಷ್ಟು ತಡವಾಗಿ ಎನ್ನುವುದೇ ಕಥೆಯ ಗಂಟು. ಅದನ್ನು ನಾನಿಲ್ಲಿ ಬಿಚ್ಚುವುದಿಲ್ಲ, ಆಡುವವರಿಗೆ ಇರಲಿ.

ಈಗ ಜಪಾನಿನಿಂದ ನೇರ ನಮ್ಮ ವಾಡಿ ಜಂಕ್ಷನ್ನಿಗೆ ಬಂದು ಇಳಿಯೋಣ. ಇಲ್ಲಿಂದ ಸ್ವಲ್ಪ ದೂರಕ್ಕೇ ಶಹಾಬಾದ್, ಅದರ ಹತ್ತಿರ ಮರತೂರು. ನೆಲಕ್ಕೆ ಹಾಸುವ ಕಲ್ಲಿನಿಂದ ಶಹಾಬಾದಿನ ಹೆಸರು ಊರೂರಿಗೆ ಮುಟ್ಟಿದೆ. ಮರತೂರಿನ ಹೆಸರು ಮುಟ್ಟಿದ್ದು ಒಂದು ಪುಸ್ತಕದಿಂದ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ, 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನ ಊರು ಇದೇ ಎಂಬುದು ಈ ಭಾಗದವರ ಹೆಮ್ಮೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ಟೀಕೆಯನ್ನು ಹಿಂದೂ ಆಸ್ತಿ ಹಂಚಿಕೆಯ ಮೊಕದ್ದಮೆಗಳಲ್ಲಿ ವಕೀಲರು ಇಂದಿಗೂ ಎತ್ತುತ್ತಾರೆ. ಆದರೆ ನನಗೆ ಆಸಕ್ತಿ ಇರುವುದು ಆಸ್ತಿಯ ಭಾಗದಲ್ಲಲ್ಲ, ಸಾಕ್ಷಿಯ ಭಾಗದಲ್ಲಿ.

ಸುಳ್ಳು ಹೇಳುವವನನ್ನು ಗುರುತಿಸುವುದು ಹೇಗೆಂದು ಯಾಜ್ಞವಲ್ಕ್ಯ ಒಂದು ಪಟ್ಟಿಯನ್ನೇ ಕೊಡುತ್ತಾನೆ. ಅವನು ನಿಂತಲ್ಲಿ ನಿಲ್ಲುವುದಿಲ್ಲ, ಅತ್ತಿಂದಿತ್ತ ಸರಿದಾಡುತ್ತಾನೆ. ಬಾಯಿಯ ಅಂಚನ್ನು ನೆಕ್ಕುತ್ತಾನೆ. ಹಣೆ ಬೆವರುತ್ತದೆ, ಮುಖದ ಬಣ್ಣ ಬದಲಾಗುತ್ತದೆ. ಗಂಟಲೊಣಗಿ ಮಾತು ತಡವರಿಸುತ್ತದೆ. ಒಂದಕ್ಕೊಂದು ಹೊಂದದ ಮಾತನ್ನು ಬೇಕಾದ್ದಕ್ಕಿಂತ ಹೆಚ್ಚು ಆಡುತ್ತಾನೆ. ಕೇಳಿದ್ದಕ್ಕೆ ನೇರ ಉತ್ತರ ಕೊಡುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ, ತುಟಿ ಸೊಟ್ಟ ಮಾಡುತ್ತಾನೆ. ಈ ಪಟ್ಟಿ ಕೇಳಿದರೆ ಜಪಾನಿನ ಆ ಆಟಕ್ಕೆ ಚಿತ್ರ ಬಿಡಿಸಿದವರು ಮರತೂರಿನಲ್ಲಿ ಪಾಠ ಹೇಳಿಸಿಕೊಂಡವರೇ ಅನ್ನಿಸಬೇಕು. 2007ರ ನಾಲ್ಕನೆಯ ಆಟದಲ್ಲಂತೂ ನಾಯಕ ಅಪೊಲೊ ಎಂಬ ಎಳೆಯ ವಕೀಲ. ಅವನ ಕೈಬಳೆ ಬಿಗಿಯಾದರೆ ಸಾಕ್ಷಿ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅರ್ಥ. ಆಗ ಅವನು ಕಣ್ಣು ನೆಟ್ಟು ಆ ಮನುಷ್ಯನ ಬೆರಳು, ಕುತ್ತಿಗೆ, ಹುಬ್ಬಿನ ಅದುರು ಹುಡುಕುತ್ತಾನೆ.

ಜಪಾನಿನವರು ಇದನ್ನು ಓದಿ ಬರೆದರೆಂದು ನಾನು ಹೇಳುತ್ತಿಲ್ಲ. ಮನುಷ್ಯನ ಹಣೆ ಎಲ್ಲ ಕಾಲಕ್ಕೂ ಬೆವರುತ್ತದೆ, ಅಷ್ಟೆ. ಆದರೆ ವಿಜ್ಞಾನೇಶ್ವರ ಇಲ್ಲಿ ತನ್ನದೊಂದು ಮಾತು ಸೇರಿಸುತ್ತಾನೆ. ಈ ಚಿಹ್ನೆಗಳೆಲ್ಲ ಅನುಮಾನಕ್ಕೆ ದಾರಿಯೇ ಹೊರತು ತಪ್ಪು ರುಜುವಾತಾಯಿತೆಂದು ತೀರ್ಮಾನಿಸಲು ಸಾಲವು. ಸಹಜವಾಗಿ ಬೆವರುವವನು ಯಾರು, ಅಳುಕಿನಿಂದ ಬೆವರುವವನು ಯಾರು ಎಂದು ಬೇರ್ಪಡಿಸುವುದು ಕಷ್ಟ, ಎನ್ನುತ್ತಾನೆ. ಪೇಶಿಗೆ ಬಂದು ಕಾರಿಡಾರಿನಲ್ಲಿ ಕಾದು, ಕರೆದೊಡನೆ ನಾಲಿಗೆ ಒಣಗಿಸಿಕೊಳ್ಳುವ ನಮ್ಮ ಹಳ್ಳಿಯ ಬಡ ಸಾಕ್ಷಿದಾರರನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಮೇ ತಿಂಗಳ ಚಿತ್ತಾಪುರದಲ್ಲಿ ಬೆವರದವನು ಯಾರು? ಆ ಆಟದ ಮೂಲ ನಿಯಮವೂ ಇದೇ. ಸಾಕ್ಷಿ ಎಷ್ಟೇ ತಡಬಡಾಯಿಸಲಿ, ಕಡತದಲ್ಲಿ ಪುರಾವೆ ಇಲ್ಲದೆ ಬೆರಳು ತೋರಿಸಿದರೆ ನ್ಯಾಯಾಧೀಶರು ನಿಮಗೇ ದಂಡ ಹಾಕುತ್ತಾರೆ.

ಅದೇ ಗ್ರಂಥದಲ್ಲಿ ಬಚ್ಚಿಟ್ಟ ಉಲ್ಲೇಖವೂ ಇದೆ. ಗಂಡು ಮಕ್ಕಳಿಲ್ಲದೆ ಸತ್ತವನ ಹೆಂಡತಿಗೆ ಆಸ್ತಿ ಹೋಗುವ ಬಗ್ಗೆ 'ಧಾರೇಶ್ವರ' ಎಂಬವನ ಅಭಿಪ್ರಾಯವನ್ನು ವಿಜ್ಞಾನೇಶ್ವರ ಎತ್ತಿಕೊಂಡು ಖಂಡಿಸುತ್ತಾನೆ. ಧಾರೇಶ್ವರ ಅಂದರೆ ಧಾರಾನಗರದ ಒಡೆಯ, ಭೋಜರಾಜ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಭೋಜನ ವಂಶದವರಾದ ಪರಮಾರರಿಗೂ ಕಲ್ಯಾಣದ ಚಾಲುಕ್ಯರಿಗೂ ಬದ್ಧ ವೈರ. ವಿಕ್ರಮಾದಿತ್ಯನ ನೆರಳಿನಲ್ಲಿ ಕೂತು ಇದನ್ನು ಓದಿದವರು ಆ ಜಾಗಕ್ಕೆ ಬಂದಾಗ ತುಟಿಯಂಚಿನಲ್ಲಿ ನಕ್ಕಿರಬಹುದು. ಹಾಗೆಂದು ಅದು ಬರೀ ಚುಚ್ಚುಮಾತಲ್ಲ, ವಾದಕ್ಕೆ ವಾದವೇ.

ಅಡಗಿದ್ದು ಎಂದೆನಲ್ಲ, ಅಕ್ಷರಶಃ ಅಡಗಿದ್ದೂ ಇದೆ ನಮ್ಮಲ್ಲಿ. ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಮ್ಮನ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿದಾಗ ಮೂರ್ತಿಯ ಪೀಠದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ಅದರಲ್ಲಿರುವ ಪ್ರತ್ಯೇಕ ಶಾಸನಗಳಲ್ಲೊಂದು ನ್ಯಾಯ ನೋಡುವ ಅಧಿಕಾರಿಗಳಿಗೆ ಹೇಳಿದ್ದು. ಕಾರಣವಿಲ್ಲದೆ ಜನ ಸೆರೆಯಲ್ಲಿ ಕೊಳೆಯಬಾರದು. ಅಸೂಯೆ, ಸಿಟ್ಟು, ಅವಸರ, ಸೋಮಾರಿತನಕ್ಕೆ ಬಿದ್ದವನು ಸಮದೃಷ್ಟಿ ಕಳೆದುಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ.

ಇನ್ನು ಕಥೆಗೆ ಬಂದರೆ, ಎಸ್ಸೆಸ್ಸೆಲ್ಸಿ ಕನ್ನಡ ಓದಿದವರು 'ವೃಕ್ಷಸಾಕ್ಷಿ' ಪಾಠವನ್ನು ಮರೆತಿರಲಾರರು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಬರೆದ 'ಪಂಚತಂತ್ರ'ದ ಕಥೆ ಅದು. ಹೂತಿಟ್ಟ ಹೊನ್ನನ್ನು ತಾನೇ ಕದ್ದು ಗೆಳೆಯ ಧರ್ಮಬುದ್ಧಿಯ ಮೇಲೆ ಹೊರಿಸಿದ ದುಷ್ಟಬುದ್ಧಿ, ಆಲದ ಮರವೇ ಸಾಕ್ಷಿ ಎನ್ನುತ್ತಾನೆ. ತಂದೆ ಪ್ರೇಮಮತಿಯನ್ನು ರಾತ್ರಿಯೇ ಪೊಟರೆಯಲ್ಲಿ ಕೂರಿಸುತ್ತಾನೆ. ಬೆಳಿಗ್ಗೆ ಧರ್ಮಾಧಿಕಾರಿಗಳ ಮುಂದೆ ಮರ ಮಾತಾಡಿತು! ಎಲ್ಲರೂ ಬೆರಗಾಗಿ ನಿಂತಾಗ ಧರ್ಮಬುದ್ಧಿ ಮಾಡಿದ್ದೇನು? ಮರಕ್ಕೆ ಒಂದು ಸುತ್ತು ಬಂದ. ದೊಡ್ಡ ಪೊಟರೆಯನ್ನೂ ಮನುಷ್ಯ ಓಡಾಡಿದ ಗುರುತನ್ನೂ ಕಂಡ. ಆಮೇಲೆ ಬಂದದ್ದು ಹುಲ್ಲು, ಬೆಂಕಿ, ಹೊಗೆ. ನಂಬಲಾಗದ ಸಾಕ್ಷಿ, ಸ್ಥಳ ತನಿಖೆ, ಕೊನೆಯ ಗಳಿಗೆಯಲ್ಲಿ ತಿರುಗಿಬಿದ್ದ ಮೊಕದ್ದಮೆ. ಏಸ್ ಅಟಾರ್ನಿಯ ಪ್ರಕರಣಗಳ ಅಚ್ಚು ಇದೇ. ಒಂದು ಆಟದಲ್ಲಿ ಗಿಳಿಯನ್ನೇ ಕಟಕಟೆಗೆ ಕರೆದು ಪಾಟೀಸವಾಲು ಮಾಡುವ ಪ್ರಸಂಗವಿದೆ. ಮರಕ್ಕಿಂತ ಗಿಳಿ ವಾಸಿ. ಶೂದ್ರಕನ 'ಮೃಚ್ಛಕಟಿಕ'ದ ಒಂಬತ್ತನೆಯ ಅಂಕವೂ ಪೂರ್ತಿ ಕೋರ್ಟಿನದೇ. ಅಲ್ಲಿ ನಿರಪರಾಧಿ ಚಾರುದತ್ತನ ವಿರುದ್ಧ ಒಡವೆಗಳೇ ಸಾಕ್ಷಿ ನುಡಿಯುತ್ತವೆ.

ಏಸ್ ಅಟಾರ್ನಿ 2005ರಲ್ಲಿ ಇಂಗ್ಲಿಷಿಗೆ ಬಂತು. ಜಪಾನೀ ಹೆಸರುಗಳಲ್ಲಿನ ಶ್ಲೇಷೆ ಅಮೆರಿಕದವರಿಗೆ ದಕ್ಕುವುದಿಲ್ಲವೆಂದು ಅಲೆಕ್ಸಾಂಡರ್ ಸ್ಮಿತ್ ಮತ್ತು ಸಂಗಡಿಗರು ಹೆಚ್ಚುಕಡಿಮೆ ಎಲ್ಲ ಹೆಸರು ಬದಲಿಸಿದರು, ಹಾಸ್ಯ ಬದಲಿಸಿದರು, ಊರನ್ನೂ ಲಾಸ್ ಏಂಜಲೀಸ್ ಮಾಡಿಬಿಟ್ಟರು. ರಾಮೆನ್ ಶಾವಿಗೆ ಇಷ್ಟಪಡುತ್ತಿದ್ದ ಹುಡುಗಿ ಬರ್ಗರ್ ಇಷ್ಟಪಡತೊಡಗಿದಳು. ಬಸಪ್ಪಶಾಸ್ತ್ರಿಗಳು ಇಂಗ್ಲಿಷ್ ನಾಟಕದ ಒಥೆಲೊನನ್ನು ಕನ್ನಡದಲ್ಲಿ 'ಶೂರಸೇನ'ನನ್ನಾಗಿ ಮಾಡಿದ್ದನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದರೆ ಮುಂದಿನ ಆಟಗಳಲ್ಲಿ ಜಪಾನಿನ ಗುಡಿ, ಬೆಟ್ಟದ ಹಳ್ಳಿ, ಕಿಮೋನೊ ಹೆಚ್ಚುತ್ತ ಹೋದಂತೆ ಲಾಸ್ ಏಂಜಲೀಸಿನಲ್ಲಿ ಇವೆಲ್ಲ ಎಲ್ಲಿಂದ ಬಂದವೆಂಬ ಪ್ರಶ್ನೆ ಎದ್ದು, ಆ ಅಸಂಗತವೇ ಅಭಿಮಾನಿಗಳ ನಗೆಗೆ ಹೊಸ ಸರಕಾಯಿತು.

ಎಲ್ಲಕ್ಕಿಂತ ಸೊಗಸಾದ ಪ್ರಸಂಗ 2015ರ ಆಟದ್ದು. ಕಥೆ ಮೇಜಿ ಕಾಲದ ಜಪಾನಿನಿಂದ ವಿಕ್ಟೋರಿಯಾ ಕಾಲದ ಲಂಡನ್ನಿಗೆ ಹೋಗುತ್ತದೆ. ಅಲ್ಲಿ ಕಟಕಟೆಗೆ ಬರುವ ಒಬ್ಬ ಆರೋಪಿ ನತ್ಸುಮೆ ಸೊಸೆಕಿ. ಈತ ಜಪಾನಿನ ದೊಡ್ಡ ಕಾದಂಬರಿಕಾರ, 1900ರಿಂದ 1902ರವರೆಗೆ ನಿಜವಾಗಿಯೂ ಲಂಡನ್ನಿನಲ್ಲಿದ್ದವನು. ಪತ್ತೇದಾರ ಷರ್ಲಾಕ್ ಹೋಮ್ಸ್ ಕೂಡ ಇದ್ದಾನೆ, ಆದರೆ ತಪ್ಪು ತಪ್ಪಾಗಿ ತರ್ಕಿಸುತ್ತಾನೆ, ವಕೀಲ ತಿದ್ದಬೇಕು. 2021ರಲ್ಲಿ ಇಂಗ್ಲಿಷಿಗೆ ಬಂದಾಗ ಅವನ ಹೆಸರು 'ಹರ್ಲಾಕ್ ಷೋಮ್ಸ್' ಆಯಿತು. ಕಾನನ್ ಡಾಯ್ಲ್‌ನ ವಾರಸುದಾರರ ಹಕ್ಕಿನ ತಕರಾರು ಬೇಡವಿತ್ತು. ಆದರೆ ಆ ತಿರುಚಿದ ಹೆಸರೂ ಹೊಸದಲ್ಲ. ನೂರು ವರ್ಷದ ಹಿಂದೆ ಫ್ರಾನ್ಸಿನ ಮಾರಿಸ್ ಲೆಬ್ಲಾಂ ತನ್ನ ಕಳ್ಳನಾಯಕ ಲೂಪಿನ್ ಕಥೆಗಳಲ್ಲಿ, ಡಾಯ್ಲ್ ಆಕ್ಷೇಪಿಸಿದ್ದಕ್ಕೇ ಇಟ್ಟಿದ್ದ ಹೆಸರು. ಕಾನೂನಿನಿಂದ ತಪ್ಪಿಸಿಕೊಳ್ಳುವುದಕ್ಕೂ ಒಂದು ಪೂರ್ವನಿದರ್ಶನ ಹುಡುಕಿದ ವಕೀಲರ ಆಟ!

ಕಣ್ಣೆದುರೇ ಇದ್ದು ಯಾರಿಗೂ ಕಾಣದ ಉಲ್ಲೇಖವೊಂದಿದೆ, ನ್ಯಾಯಾಧೀಶರ ಸುತ್ತಿಗೆ. ಆಟದ ನ್ಯಾಯಾಧೀಶರು ಕುಟ್ಟುತ್ತಲೇ ಇರುತ್ತಾರೆ. ಜಪಾನಿನ ನ್ಯಾಯಾಲಯದಲ್ಲಿ ಸುತ್ತಿಗೆ ಇಲ್ಲ. ನಮ್ಮಲ್ಲೂ ಇಲ್ಲ, ಸೇಡಂ ಕೋರ್ಟಿಗೆ ತಾರೀಖಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಅದು ಅಮೆರಿಕದ ಸಿನಿಮಾದಿಂದ ಟೋಕಿಯೋಗೂ ಗಾಂಧಿನಗರಕ್ಕೂ ಒಟ್ಟಿಗೆ ಬಂದ ಸರಕು. ಭಗವದ್ಗೀತೆ ಮುಟ್ಟಿ ಪ್ರಮಾಣ ಮಾಡುವುದೂ ಅಂಥದ್ದೇ. 1969ರ ಪ್ರಮಾಣ ಕಾಯ್ದೆಯ ನಮೂನೆಯಲ್ಲಿ ದೇವರ ಹೆಸರಿದೆ, ಅದು ಬೇಡವೆನ್ನುವವರಿಗೆ ಸತ್ಯನಿಷ್ಠೆಯ ದೃಢೀಕರಣವಿದೆ, ಗ್ರಂಥ ಇಲ್ಲ. ಆದರೂ ಸಿನಿಮಾದ ಕಟಕಟೆಗೆ ಗೀತೆ ಬರದಿದ್ದರೆ ನಮಗೇ ಏನೋ ಕಮ್ಮಿ ಅನ್ನಿಸುತ್ತದೆ.

ಕನ್ನಡದಲ್ಲಿ ಆ ಆಟಕ್ಕೆ ಹತ್ತಿರದ ನಂಟನೆಂದರೆ ಎಂ.ಜಿ. ಶ್ರೀನಿವಾಸ್ ನಿರ್ದೇಶಿಸಿ ನಟಿಸಿದ 2019ರ 'ಬೀರ್‌ಬಲ್' ಚಿತ್ರ. ಮಾಡದ ಕೊಲೆಗೆ ಶಿಕ್ಷೆಗೊಳಗಾದ ಹುಡುಗನ ಪರವಾಗಿ ನಿಲ್ಲುವ ವಕೀಲನ ಕಥೆ. ಎಳೆ ಬಂದದ್ದು ಕೊರಿಯಾದ 'ನ್ಯೂ ಟ್ರಯಲ್' ಚಿತ್ರದಿಂದ. ಉಪಶೀರ್ಷಿಕೆಯಲ್ಲಿ ಹುಡುಕುತ್ತಿರುವುದು ವಜ್ರಮುನಿಯನ್ನು. ಖಳನ ಹೆಸರು ಬೇರೇನೇ ಇರಲಿ, ಕನ್ನಡ ಪ್ರೇಕ್ಷಕನಿಗೆ ಖಳನೆಂದರೆ ವಜ್ರಮುನಿಯೇ. ವಕೀಲನ ಹೆಸರು ಮಹೇಶ್ ದಾಸ್. ಅಕ್ಬರನ ದರ್ಬಾರು ಸೇರುವ ಮೊದಲು ಬೀರಬಲನಿಗೆ ಇದ್ದ ಹೆಸರು ಅದು. ಗೊತ್ತಿದ್ದವರು ಪಕ್ಕದವರನ್ನು ಮೊಣಕೈಯಿಂದ ತಿವಿದು ಹೇಳುತ್ತಾರೆ. ಗೊತ್ತಿಲ್ಲದವರಿಗೆ ಅವನು ಬರೀ ವಕೀಲ, ಮೊಕದ್ದಮೆ ಮುಂದಕ್ಕೆ ಸಾಗುತ್ತದೆ.