ತೊಗಲು ಕೊಳೆಯುವ ಬಗೆ
(ಅಸೂಟಿಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೇಸಿಗೆಯಲ್ಲಿ ಬೆಳಿಗ್ಗೆ ಸುಲಿದ ಆಡಿನ ತೊಗಲನ್ನು ಸಂಜೆಯವರೆಗೆ ಹಾಗೆಯೇ ಒಗೆದಿಟ್ಟರೆ ನಾತ ಹೊಡೆಯುತ್ತದೆ, ಕೂದಲು ಕೈಗೆ ಬರುತ್ತದೆ. ವ್ಯಾಪಾರಿಯು ಬೆಲೆ ಇಳಿಸುತ್ತಾನೆ. ಇದನ್ನು ಮಾಡುವ ಕ್ರಿಮಿಗಳು ಬರಿಗಣ್ಣಿಗೆ ಕಾಣುವುದಿಲ್ಲ.

ತೊಗಲಿನ ಗಟ್ಟಿತನವು ಕೊಲ್ಯಾಜನ್ ಎಂಬ ನಾರಿನಲ್ಲಿದೆ. ನಾವು ಪುಂಡಿನಾರಿನ ಮೂರು ಎಳೆ ಕೂಡಿಸಿ ಹಗ್ಗ ಹೊಸೆಯುತ್ತೇವಲ್ಲ, ಇದೂ ಹಾಗೆಯೇ ಮೂರೆಳೆಯ ಹುರಿ. 1954ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಇದನ್ನು ಹೇಳಿದರು. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು.

ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದೆ. ಅದು ಉಗುಳಿನಲ್ಲಿರುವ ಕಿಣ್ವದ ಕೆಲಸ. ಕಿಣ್ವವೆಂದರೆ ಜೀವಿಗಳು ತಯಾರಿಸುವ ಕತ್ತರಿ ಎನ್ನಿರಿ. ಸಾಮಾನ್ಯ ಕತ್ತರಿಗೆ ಈ ಮೂರೆಳೆ ಹುರಿ ಬಗ್ಗುವುದಿಲ್ಲ. ಕೊಲ್ಯಾಜಿನೇಸ್ ಎಂಬುದೇ ಬೇಕು. ಕೆರೆಯ ಕಪ್ಪೆಮರಿಯ ಬಾಲ ಕರಗಿ ಹೋಗುವುದನ್ನು ನೀವು ನೋಡಿದ್ದೀರಿ. 1962ರಲ್ಲಿ ಗ್ರಾಸ್ ಮತ್ತು ಲ್ಯಾಪಿಯೇರ್ ಎಂಬವರು ಆ ಬಾಲದಲ್ಲಿಯೇ ಈ ಕಿಣ್ವವನ್ನು ಕಂಡುಹಿಡಿದರು! ಪ್ರಾಣಿಗಳ ಕಿಣ್ವ ಹುರಿಯನ್ನು ಒಂದೇ ಕಡೆ ಕತ್ತರಿಸುತ್ತದೆ. ಕೆಲವು ಕ್ರಿಮಿಗಳದು ಚೂರುಚೂರು ಮಾಡುತ್ತದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ನಾರಿನ ಮೇಲೆ ಸಾಲಾಗಿ ಪಟ್ಟೆಗಳು ಕಾಣುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಪಟ್ಟೆಯಿಂದ ಪಟ್ಟೆಗೆ ಅಂತಹ 67 ಪಾಲು. ಇನ್ನೊಂದು ಯಂತ್ರವೂ ಇದೆ. ಕುರುಡನು ಕೋಲಿನಿಂದ ದಾರಿ ತಡವಿದಂತೆ ಅತಿ ಸಣ್ಣ ಮೊನೆಯಿಂದ ನಾರನ್ನು ತಡವಿ ಚಿತ್ರ ಬರೆಯುತ್ತದೆ. ನೀರಿನೊಳಗಿಟ್ಟೂ ನೋಡಬಹುದು. ಕಿಣ್ವ ಹಾಕಿದಾಗ ನಾರು ಮೇಲಿನಿಂದ ಸವೆಯುತ್ತ ತೆಳ್ಳಗಾಗುವುದು ಹೀಗೆ ತಿಳಿದುಬಂತು.

ತೊಗಲಿನಲ್ಲಿ ಮೊದಲು ಬೇರೆ ಕಿಣ್ವಗಳು ಕೂದಲಿನ ಬುಡ ಸಡಿಲಿಸುತ್ತವೆ, ಆಮೇಲೆ ನಾರಿನ ಸರದಿ. ಆದ್ದರಿಂದ ಸುಲಿದ ಕೂಡಲೇ ತೊಳೆದು, ನೀರು ಬಸಿದು, ಮಾಂಸದ ಮಗ್ಗುಲಿಗೆ ತೊಗಲಿನ ತೂಕದ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಉಪ್ಪು ತಿಕ್ಕಿರಿ. ಉಪ್ಪು ನೀರು ಹೀರುತ್ತದೆ, ಕ್ರಿಮಿ ಬೆಳೆಯದು. ಉರಿಬಿಸಿಲಿನ ನೆಲದ ಮೇಲೆ ಹಾಸಬೇಡಿರಿ. ಮೇಲೆ ಒಣಗಿ ಒಳಗೆ ಕೊಳೆಯುತ್ತದೆ. ಜಾಲಿ ತೊಗಟೆಯ ಒಗರು ನಾರುಗಳನ್ನು ಬಿಗಿಯಾಗಿ ಹೆಣೆಯುವುದರಿಂದಲೇ ಹದ ಮಾಡಿದ ತೊಗಲು ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಊರುಗಳ ತೊಗಲು ಕೆಲಸದವರಿಗೆ ಇದು ಯಂತ್ರ ಬರುವ ಮೊದಲೇ ಗೊತ್ತಿತ್ತು.

ಒಂದು ಮಾತು ಮಾತ್ರ ಮರೆಯಬೇಡಿರಿ. ದನವಾಗಲಿ ಕುರಿಯಾಗಲಿ ಏಕಾಏಕಿ ಸತ್ತು, ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗವಿರಬಹುದು. ಸುಲಿಯಬೇಡಿರಿ, ಕೊಯ್ಯಬೇಡಿರಿ, ಸುಲಿದವನ ಜೀವಕ್ಕೇ ಅಪಾಯ. ಪಶುವೈದ್ಯರಿಗೆ ಕೂಡಲೇ ಹೇಳಿ ಕಳಿಸಿ, ಅವರು ಬರುವವರೆಗೆ ನಾಯಿಗಳು ಮುಟ್ಟದಂತೆ ಕಾಯಿರಿ.