ಮೊದಲು ನೋವು, ಆಮೇಲೆ ಅರ್ಥ

ಇವತ್ತು ನರ್ಸಿಂಗ್ ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ,

ಘಟಿಕೋತ್ಸವಕ್ಕೆ ಬಂದವರು ಬದುಕಿನ ಗುರಿಯ ಬಗ್ಗೆ ಮಾತಾಡುವುದು ರೂಢಿ. ಸಾವಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಶುಭ ಸಮಾರಂಭದಲ್ಲಿ ಅಂಥ ಮಾತು ಬಾಯಿಗೆ ಬಂದರೆ ನಮ್ಮ ಅಜ್ಜಿಯಂದಿರು 'ಬಿಡ್ತು ಅನ್ನು' ಎಂದು ಗದರುತ್ತಿದ್ದರು. ಆದರೆ ನೀವು ಕೆಲಸಕ್ಕೆ ಸೇರುವ ವಾರ್ಡುಗಳಲ್ಲಿ ಎಷ್ಟು ಸಲ ಬಿಡ್ತು ಅಂದರೂ ಅದು ಬಿಡುವುದಿಲ್ಲ. ಆದ್ದರಿಂದ ಎರಡರ ಬಗ್ಗೆಯೂ ಒಟ್ಟಿಗೇ ಮಾತಾಡುತ್ತೇನೆ. ನಾನು ವೈದ್ಯನಲ್ಲ, ಬರೆಯುವವನು. ಔಷಧಿಯ ವಿಚಾರದಲ್ಲಿ ತಪ್ಪಿದರೆ ನಿಮ್ಮ ಗುರುಗಳು ಇಲ್ಲೇ ಇದ್ದಾರೆ, ತಿದ್ದುತ್ತಾರೆ.

'ಶರಣರ ಗುಣವನ್ನು ಮರಣದಲ್ಲಿ ನೋಡು' ಎಂಬ ಗಾದೆ ನಮ್ಮಲ್ಲಿದೆ. ಎಲ್ಲರೂ ತಲೆದೂಗುವ ಈ ಗಾದೆಯ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ಅದು ಸಾವಿನ ಹಾಸಿಗೆಯನ್ನು ಪರೀಕ್ಷಾ ಕೊಠಡಿ ಮಾಡಿಬಿಡುತ್ತದೆ. ಶಾಂತವಾಗಿ, ದೇವರ ಹೆಸರು ಹೇಳುತ್ತಾ ಹೋದವರು ಪಾಸು. ಮೂಳೆಗೆ ಇಳಿದ ಕ್ಯಾನ್ಸರಿನಿಂದ ರಾತ್ರಿಯಿಡೀ ಕೂಗಾಡಿದವರು, ಹೆಂಡತಿಯನ್ನು ಬೈದವರು, ಉಸಿರು ಸಿಗದೆ ದೇವರನ್ನೇ ಶಪಿಸಿದವರು ಫೇಲು. ಈಗಂತೂ ಸಾಯುತ್ತಿರುವವರು ನಮಗೆ ಬದುಕಿನ ಪಾಠ ಹೇಳಿಕೊಡಬೇಕು ಎಂಬ ಹೊಸ ಬೇಡಿಕೆಯೂ ಸೇರಿದೆ. ಗಟ್ಟಿಮುಟ್ಟಾಗಿರುವ ನಾವು ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತು, ಕೊನೆಯ ಮಾತೇನು, ಏನು ಕಂಡಿರಿ ಎಂದು ಕೇಳುತ್ತೇವೆ. ಅವರಿಗೆ ಕಂಡದ್ದು ಎಷ್ಟೋ ಸಲ ನೋವು ಮಾತ್ರ. ನೋವಿನಲ್ಲಿ ಒದ್ದಾಡುವವರಿಗೆ ಬದುಕಿನ ಅರ್ಥವನ್ನು ಯೋಚಿಸುವ ಪುರುಸೊತ್ತಿರುವುದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ನಿಮ್ಮ ವೃತ್ತಿಯಿಂದಲೇ ಬಂದ ಇಂಗ್ಲೆಂಡಿನ ಸಿಸಿಲಿ ಸೌಂಡರ್ಸ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ನರ್ಸಿಂಗ್ ಕಲಿತರು. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು, ಆಸ್ಪತ್ರೆಯಲ್ಲೇ ಸಮಾಜ ಕಾರ್ಯಕರ್ತೆಯಾದರು. ಅಲ್ಲಿ ಅವರಿಗೆ ಡೇವಿಡ್ ಟಾಸ್ಮಾ ಎಂಬ ರೋಗಿ ಪರಿಚಯವಾದ. ಪೋಲೆಂಡಿನಿಂದ ಬಂದಿದ್ದ ಯಹೂದಿ, ಲಂಡನ್ನಿನಲ್ಲಿ ತನ್ನವರೆಂಬುವರು ಯಾರೂ ಇಲ್ಲ, ಕ್ಯಾನ್ಸರು ಕೈಮೀರಿತ್ತು. ತಾನು ಹುಟ್ಟಿದ್ದಕ್ಕೆ ಭೂಮಿಯ ಮೇಲೆ ಒಂದು ಗುರುತೂ ಉಳಿಯುವುದಿಲ್ಲ ಎಂಬುದೇ ಅವನ ಕೊರಗು. ಸೌಂಡರ್ಸ್ ಅವನಿಗೆ ಉಪದೇಶ ಮಾಡಲಿಲ್ಲ. ಸಾಯುವವರಿಗೆ ಎಂಥ ಮನೆ ಬೇಕು, ಅಲ್ಲಿ ನೋವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಇಬ್ಬರೂ ಕೂತು ಮಾತಾಡಿದರು. 1948ರಲ್ಲಿ ಅವನು ತೀರಿಕೊಂಡಾಗ, ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿ 500 ಪೌಂಡ್ ಬಿಟ್ಟುಹೋಗಿದ್ದ. ಆಗ ಆ ಮನೆ ಇರಲೇ ಇಲ್ಲ.

ಸೌಂಡರ್ಸ್ ಮತ್ತೆ ಓದಲು ಕೂತರು. ವೈದ್ಯರಾಗುವ ಹೊತ್ತಿಗೆ ವಯಸ್ಸು ನಲವತ್ತರ ಹತ್ತಿರ. ನೋವು ಬಂದ ಮೇಲೆ ರೋಗಿ ಅಂಗಲಾಚುವವರೆಗೂ ಕಾಯದೆ, ನೋವು ಬರುವ ಮೊದಲೇ ಗಡಿಯಾರ ನೋಡಿ ಮಾರ್ಫಿನ್ ಕೊಡುವ ಕ್ರಮವನ್ನು ಅವರು ಅಭ್ಯಾಸ ಮಾಡಿ, ಅದು ಸರಿಯೆಂದು ತೋರಿಸಿದರು. ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಮನೆಯ ಸಾಲದ್ದು, ದೇವರ ಮೇಲಿನ ಸಿಟ್ಟಿನದು, ಎಲ್ಲ ಸೇರಿ ಒಂದೇ ನೋವು ಎಂದರು. 1967ರಲ್ಲಿ ಆ ಮನೆ, ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ತೆರೆಯಿತು. ಟಾಸ್ಮಾನ ಕಿಟಕಿ ಅಲ್ಲಿದೆ. 2005ರಲ್ಲಿ ಸೌಂಡರ್ಸ್ ಕೊನೆಯುಸಿರೆಳೆದದ್ದೂ ಅಲ್ಲೇ.

ಇಪ್ಪತ್ತೆರಡಕ್ಕೇ ಗುರಿ ಗೊತ್ತಾಗಬೇಕು ಎಂದು ನಿಮ್ಮನ್ನು ಯಾರಾದರೂ ಅವಸರಪಡಿಸಿದರೆ ಈ ಹೆಂಗಸಿನ ನೆನಪಿರಲಿ. ಅವರ ಗುರಿ ಅವರೊಳಗೆ ಅಡಗಿ ಕೂತಿರಲಿಲ್ಲ. ಒಬ್ಬ ಅಪರಿಚಿತನ ಹಾಸಿಗೆಯ ಪಕ್ಕದಲ್ಲಿ ಸಿಕ್ಕಿತು, ಪೂರ್ತಿಯಾಗಲು 19 ವರ್ಷ ಹಿಡಿಯಿತು. ಟಾಸ್ಮಾನ ಕಡೆಯಿಂದಲೂ ನೋಡಿ. ಅವನ ಬದುಕಿಗೆ ಅರ್ಥ ಬಂದದ್ದು ತಾನೂ ಒಂದಿಷ್ಟು ಕೊಡಬಲ್ಲೆ ಅನ್ನಿಸಿದಾಗ. ರೋಗಿಯೆಂದರೆ ಬರೀ ತೆಗೆದುಕೊಳ್ಳುವವನು ಎಂದು ನಾವು ತಿಳಿದಿದ್ದೇವೆ. ನಾಳೆ ನಿಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿ ತಲೆದಿಂಬಿನ ಕೆಳಗಿನಿಂದ ಬಾಳೆಹಣ್ಣು ತೆಗೆದು 'ತಗೋ ಸಿಸ್ಟರಮ್ಮಾ, ಹೊತ್ತಾರೆಯಿಂದ ಓಡಾಡ್ತಿದ್ದೀಯ' ಎಂದರೆ ದಯವಿಟ್ಟು ತೆಗೆದುಕೊಳ್ಳಿ.

ನಮ್ಮ ದೇಶದ ಕಥೆಗೆ ಬರುತ್ತೇನೆ. ಔಷಧಕ್ಕಾಗಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆದು ಹೊರದೇಶಗಳಿಗೂ ಕಳಿಸುತ್ತೇವೆ. ಆದರೆ 1985ರ ಮಾದಕವಸ್ತು ಕಾಯಿದೆಯ ಬಿಗಿ ನಿಯಮಗಳಿಂದ, ಅದೇ ಅಫೀಮಿನಿಂದ ತೆಗೆಯುವ ಮಾರ್ಫಿನ್ ನಮ್ಮದೇ ರೋಗಿಗಳಿಗೆ ಸಿಗದ ಹಾಗಾಯಿತು. ಒಂದು ಸಣ್ಣ ದಾಸ್ತಾನಿಗೆ ಹಲವು ಪರವಾನಗಿ, ತಪ್ಪಿದರೆ ಜೈಲು. ಆಸ್ಪತ್ರೆಗಳು ಆ ಗೊಡವೆಯೇ ಬೇಡವೆಂದು ಕೈಬಿಟ್ಟವು. ಕಳ್ಳಸಾಗಣೆದಾರರಿಗೆ ಹಾಕಿದ ಬೇಲಿಯೊಳಗೆ ಸಿಕ್ಕಿಕೊಂಡವರು ಕ್ಯಾನ್ಸರ್ ರೋಗಿಗಳು. ಕರ್ಮ, ಪ್ರಾರಬ್ಧ, ಹಣೆಬರಹ ಎಂದು ನಾವು ಸಮಾಧಾನ ಹೇಳಿಕೊಂಡ ಎಷ್ಟೋ ಸಂಕಟದ ಹಿಂದೆ ಇದ್ದದ್ದು ಒಂದು ಫಾರಂ ಅಷ್ಟೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಉಪಶಮನ ಆರೈಕೆಯ ಸಂಸ್ಥೆ ಕಟ್ಟಿದರು. ಕೇರಳದ ಹಳ್ಳಿಗಳಲ್ಲಿ ಸಾಮಾನ್ಯ ಜನ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ಕೇಳದೆ ನೋಡಿಕೊಳ್ಳುತ್ತಾ ಬಂದಿದೆ. ಕಾಯಿದೆಗೆ ತಿದ್ದುಪಡಿ ಬಂದು ದಾರಿ ಸಲೀಸಾಗಲು 2014 ಬರಬೇಕಾಯಿತು.

ಇನ್ನೊಂದು ಹೆಸರನ್ನು ಈ ಸಭೆಯಲ್ಲಿ ಹೇಳದಿದ್ದರೆ ತಪ್ಪಾದೀತು. ಅರುಣಾ ಶಾನಭಾಗ. ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಮಾಡಿದ ಕ್ರೂರ ಹಲ್ಲೆಯಿಂದ ಮಿದುಳು ಘಾಸಿಯಾಯಿತು. ಮುಂದಿನ 41 ವರ್ಷ ಅವರು ಅಲ್ಲೇ ಹಾಸಿಗೆಯಲ್ಲಿದ್ದರು. ಅವರ ಕಥೆಯನ್ನು ಪುಸ್ತಕವಾಗಿ ಬರೆದ ಪಿಂಕಿ ವಿರಾನಿ, ಇನ್ನು ಆಹಾರ ನಿಲ್ಲಿಸಿ ಶಾಂತಿಯಿಂದ ಹೋಗಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ನರ್ಸುಗಳು ಒಪ್ಪಲಿಲ್ಲ, ಅವಳು ನಮ್ಮವಳು, ನೋಡಿಕೊಳ್ಳುತ್ತೇವೆ ಎಂದರು. 2011ರ ಮಾರ್ಚಿನಲ್ಲಿ ಕೋರ್ಟು ಅವರ ಮಾತನ್ನೇ ಎತ್ತಿಹಿಡಿಯಿತು. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಬೆಡ್‌ಸೋರ್ ಇರಲಿಲ್ಲ. ಹೊರಳಿಸುವುದು, ಒರೆಸುವುದು, ಉಣಿಸುವುದು ಏನೆಂದು ಕಲಿತಿರುವ ನಿಮಗೆ ಇದರ ಬೆಲೆ ನನಗಿಂತ ಚೆನ್ನಾಗಿ ಗೊತ್ತು. ಹಲ್ಲೆಯಾದಾಗ ಹುಟ್ಟಿಯೇ ಇರದಿದ್ದ ನರ್ಸುಗಳೂ ಅವರನ್ನು ನೋಡಿಕೊಂಡರು.

ಯಾರು ಸರಿ? ನನಗೆ ಎರಡೂ ಕಡೆ ಪ್ರೀತಿಯೇ ಕಾಣುತ್ತದೆ. ಅರುಣಾ ಅವರಿಗೆ ಏನು ಬೇಕಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ, ಅವರು ಹೇಳುವಂತಿರಲಿಲ್ಲ. ಆ ತೀರ್ಪಿನಲ್ಲೇ ಕೋರ್ಟು, ಕಟ್ಟುನಿಟ್ಟಿನ ಷರತ್ತಿನ ಮೇಲೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ದಾರಿ ತೆರೆಯಿತು. 2018ರಲ್ಲಿ ಸಂವಿಧಾನ ಪೀಠ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ವಿಧಾನ ಸುಲಭವಾಯಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಕಾಗದ ಸಿದ್ಧವಿದೆ, ಮನೆಯಲ್ಲಿ ಮಾತು ಮಾತ್ರ ಶುರುವಾಗಿಲ್ಲ.

ಆ ಮಾತಿನ ಬಹುಪಾಲು ನಿಮ್ಮ ಮೇಲೆ ಬೀಳುತ್ತದೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಮಗ ಕಾರಿಡಾರಿನಲ್ಲಿ ನಿಮ್ಮನ್ನು ತಡೆದು 'ಅಪ್ಪನಿಗೆ ಏನೂ ಹೇಳ್ಬೇಡಿ ಸಿಸ್ಟರ್' ಎನ್ನುತ್ತಾನೆ. ರಾತ್ರಿ ಎರಡು ಗಂಟೆಗೆ ಅಪ್ಪ ನಿಮ್ಮ ಕೈಹಿಡಿದು 'ಮಗನಿಗೆ ಗೊತ್ತಾಗೋದು ಬೇಡ, ನನಗೆ ಎಲ್ಲ ಗೊತ್ತು' ಎನ್ನುತ್ತಾರೆ. ಇಬ್ಬರ ಗುಟ್ಟೂ ನಿಮ್ಮ ಹತ್ತಿರ. ಏನು ಮಾಡಬೇಕೆಂದು ಯಾವ ಪಠ್ಯದಲ್ಲೂ ಪೂರ್ತಿ ಬರೆದಿಲ್ಲ. ಅವರಿಬ್ಬರನ್ನೂ ಒಂದು ಕಡೆ ಕೂರಿಸಿ ನೀವು ಬಾಗಿಲ ಹೊರಗೆ ನಿಂತರೆ, ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದರಲ್ಲಿ ಯಾವ ಪ್ರವಚನಕ್ಕಿಂತಲೂ ಹೆಚ್ಚು ಅರ್ಥವಿರುತ್ತದೆ. ಅದು ಅವರದು, ನಮಗೆ ತಿಳಿಯಬೇಕಾಗಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನೀವು ಯಾವ ಆಸ್ಪತ್ರೆಗೆ ಸೇರಿದರೂ ಅಲ್ಲಿನ ಔಷಧಾಲಯದಲ್ಲಿ ಮಾರ್ಫಿನ್ ಮಾತ್ರೆ ಇದೆಯೇ ಎಂದು ಮೊದಲ ವಾರವೇ ವಿಚಾರಿಸಿ. ಇಲ್ಲವೆಂದರೆ ಯಾಕಿಲ್ಲ ಎಂದು ಕೇಳಿ. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಇಟ್ಟುಕೊಳ್ಳಬಹುದು ಎಂದು ಮೇಲಿನವರಿಗೆ ತಿಳಿಸಿ. ಒಂದು ಸಲ ಕೇಳಿ ಸುಮ್ಮನಾಗಬೇಡಿ, ಅದು ಬರುವವರೆಗೂ ಕೇಳುತ್ತಿರಿ.